ಹದಿನಾರು ಸಲ ಸಾಯಲಾರೆ

ಹೆಂಡತಿ: ನಾನು ಸಾಯಲ್ಲ ಅಂದ್ರೆ ಸಾಯಲ್ಲ.

ಗಂಡ: ಒಂದೇ ಒಂದು ಸಾಲು ಕಣೇ. ಕಣ್ಣು ಮುಚ್ಚಿ ತೆಗೆಯೋದ್ರೊಳಗೆ ಮುಗಿದುಹೋಗುತ್ತೆ.

ಹೆಂಡತಿ: ನಿಮಗೆ ಒಂದು ಸಾಲು. ನನಗೆ ಹದಿನಾರು ಸಲ.

ಗಂಡ: ನೋವಿಲ್ಲ, ಒದ್ದಾಟ ಇಲ್ಲ. ಬೆಳಿಗ್ಗೆ ಏಳಲ್ಲ, ಅಷ್ಟೆ. ಇಷ್ಟು ನೆಮ್ಮದಿಯ ಸಾವು ಎಷ್ಟು ಜನಕ್ಕೆ ಸಿಗುತ್ತೆ ಹೇಳು. ನಮ್ಮ ಕೌಂಟರಿಗೆ ಬರೋ ಕೇಸುಗಳನ್ನ ನೀನು ಒಂದು ದಿನ ಬಂದು ನೋಡಬೇಕು.

ಹೆಂಡತಿ: ಅಷ್ಟು ಚೆನ್ನಾಗಿದ್ರೆ ನೀವೇ ಸಾಯಿರಿ.

ಗಂಡ: ನಾನು ಸತ್ರೆ ಆಮೇಲೆ ಅಳೋರು ಯಾರು?

ಬಾಗಿಲಲ್ಲಿ ಏನೋ ಧೊಪ್ಪೆಂದು ಬಿತ್ತು. ನೋಡಿದರೆ ಹೆಂಡತಿಯ ತಮ್ಮ. ಕಂಕುಳಲ್ಲಿದ್ದ ರಟ್ಟಿನ ಕಟ್ಟು ಕಾಲ ಮೇಲೆ ಬಿದ್ದಿದೆ, ಬಾಯಿ ತೆರೆದಿದೆ, ಕೈಯಲ್ಲಿ ದಾರದ ಉಂಡೆ ಒಂದು ಉಳಿದಿದೆ. ಪುಸ್ತಕಕ್ಕೆ ಬೈಂಡ್ ಹಾಕುವುದು ಅವನ ಕಸುಬು. ಕಿವಿಗೆ ಬಿದ್ದದ್ದಿಷ್ಟು: ಅಕ್ಕ ಸಾಯಲೊಲ್ಲೆ ಅನ್ನುತ್ತಿದ್ದಾಳೆ, ಭಾವ ಸಾಯಿ ಎಂದು ಪುಸಲಾಯಿಸುತ್ತಿದ್ದಾರೆ.

ಬೈಂಡರ್: ಅಕ್ಕ, ಚಪ್ಪಲಿ ಹಾಕ್ಕೋ. ನಮ್ಮನೆಗೆ ಹೋಗೋಣ.

ಗಂಡ: ಏಯ್, ಕೂತ್ಕೊಳೋ. ಏನೂ ಆಗಿಲ್ಲ.

ಬೈಂಡರ್: ಏನೂ ಆಗಿಲ್ವಾ? ಇಷ್ಟು ವರ್ಷದಲ್ಲಿ ನಿಮ್ಮ ಬಗ್ಗೆ ನಾನು ಹೊರಗೆ ಒಂದು ಮಾತಾಡಿದೋನಲ್ಲ, ಭಾವ. ಮನೇಲಿ ಆಡಿದ್ದೀನಿ, ಅದು ಬೇರೆ.

ಹೆಂಡತಿ: ನೋಡೋ, ನಿಮ್ಮ ಭಾವ ನನ್ನನ್ನ ಸಾಯಿಸ್ತಾರಂತೆ. ಅದೂ ನನ್ನ ಕೈಯಾರೆ. ನೀಲಿ ಮಸೀಲಿ.

ಗಂಡ: ಕಥೇಲಿ ಕಣೋ. ಪತ್ರಿಕೆಗೆ ಒಂದು ಕಥೆ ಬರೆದಿದ್ದೀನಿ. ಅದರಲ್ಲಿ ಹೆಂಡತಿ ತೀರ್ಕೋತಾಳೆ. ಇವಳು ಅದನ್ನ ನಕಲು ಮಾಡಲ್ಲ ಅಂತ ಹಟ ಹಿಡಿದಿದ್ದಾಳೆ.

ಬೈಂಡರ್: ಓ, ಪತ್ರಿಕೆಗಾ.

ಅವನು ರಟ್ಟು ಎತ್ತಿಕೊಂಡು ಕೂತ. ಪತ್ರಿಕೆ ಅವನದೇ. ಅಂದರೆ ಹೊಲಿಗೆ ಅವನದು. ಗಿರಾಕಿಗಳ ಲೆಕ್ಕದ ಪುಸ್ತಕ ಕತ್ತರಿಸಿ ಉಳಿದ ಕಾಗದದಲ್ಲಿ ಮೂರು ತಿಂಗಳಿಗೊಮ್ಮೆ ಹದಿನಾರು ಪ್ರತಿ ಹೊಲಿಯುತ್ತಾನೆ. ಅಚ್ಚಿಲ್ಲ, ಜೆರಾಕ್ಸ್ ಇಲ್ಲ. ಪ್ರತಿ ಅಕ್ಷರವನ್ನೂ ಯಾರೋ ಕೂತು ಕೈಯಲ್ಲಿ ಬರೆದಿರಬೇಕು. ಯಾವುದು ಚೆನ್ನಾಗಿದೆ, ಯಾವುದು ಚೆನ್ನಾಗಿಲ್ಲ ಎಂಬ ತೀರ್ಪನ್ನು ಅವನು ಕೊಡುವುದಿಲ್ಲ. ಅವನಿಗಿರುವುದು ಎರಡೇ ನಿಯಮ. ಬರೆದವರನ್ನು ಬಿಟ್ಟು ಬೇರೆ ಯಾರಾದರೊಬ್ಬರು ಆ ಬರಹವನ್ನು ಹದಿನಾರು ಸಲ ನಕಲು ಮಾಡಲು ಒಪ್ಪಬೇಕು, ಇದು ಮೊದಲನೆಯದು. ಹಾಗೆ ಅವರ ಕೈಗೆ ಒಪ್ಪಿಸಿದ ಮೇಲೆ ಬರೆದವರು ಹಾಳೆ ಮುಟ್ಟಬಾರದು, ಇದು ಎರಡನೆಯದು. ಹಿಂದೊಮ್ಮೆ ಒಬ್ಬ ಕವಿ ಸೂಜಿ ಚುಚ್ಚುವವರೆಗೂ ಅಂಚಿನಲ್ಲಿ ಪದ್ಯ ಸೇರಿಸುತ್ತಾ ಇದ್ದು, ಕೊನೆಗೆ ಬೆರಳಿಗೇ ಸೂಜಿ ಹೋದ ಮೇಲೆ ಹುಟ್ಟಿದ ನಿಯಮ ಅದು.

ಯಾರದೋ ಬರಹವನ್ನು ಅದ್ಭುತ ಎಂದು ಹೊಗಳಲು ಏನೂ ಖರ್ಚಾಗುವುದಿಲ್ಲ. ನಮ್ಮ ಸಾಹಿತ್ಯದ ಸಭೆಗಳು ನಡೆಯುತ್ತಿರುವುದೇ ಆ ಅಗ್ಗದ ಮಾಲಿನ ಮೇಲೆ. ಹದಿನಾರು ಸಲ ಬರಿ ಎಂದು ಕಾಗದ ಮುಂದಿಟ್ಟು ನೋಡಿ, ಹೊಗಳಿದವರಲ್ಲಿ ಎಷ್ಟು ಜನಕ್ಕೆ ಅರ್ಜೆಂಟು ಕೆಲಸ ನೆನಪಾಗುತ್ತದೆ ಎಂದು.

ಗಂಡನ ಪದ್ಯವೊಂದು ಹಿಂದೆ ಈ ಪರೀಕ್ಷೆಗೆ ಕೂತಿತ್ತು. ಬೈಂಡರನ ಬೆಂಚಿನ ಮೇಲೆ ತಿಂಗಳುಗಟ್ಟಲೆ ಬಿದ್ದಿದ್ದು, ಯಾರೋ ಇಟ್ಟ ಟೀ ಲೋಟದ ಗುರುತು ಹೊತ್ತುಕೊಂಡು ಮನೆಗೆ ವಾಪಸಾಯಿತು. ತಪ್ಪು ಪದ್ಯದ್ದೇ ಅಂತ ಹೇಳಲಾಗದು. ಗಂಡ ಪುರಸಭೆಯ ಜನನ ಮರಣ ವಿಭಾಗದಲ್ಲಿ ಗುಮಾಸ್ತ. ಅವನ ಅಕ್ಷರ ಹೇಗಿದೆ ಅಂದರೆ, ಹುಟ್ಟಿದ್ದೋ ಸತ್ತದ್ದೋ ಅಂತ ಅವನೇ ಒಮ್ಮೊಮ್ಮೆ ಎದುರಿಗೆ ನಿಂತವರನ್ನು ಕೇಳಬೇಕು. ಅದನ್ನು ಓದಬಲ್ಲ ಜೀವ ಒಂದೇ, ಅವನ ಹೆಂಡತಿ. ಔಷಧಿ ಅಂಗಡಿಯಲ್ಲಿ ಡಾಕ್ಟರುಗಳ ಚೀಟಿ ಓದಿ ಓದಿ ಪಳಗಿದವಳು. ಪತ್ರಿಕೆಯ ಅರ್ಧದಷ್ಟು ಪುಟಗಳು ಅವಳ ಅಕ್ಷರದಲ್ಲೇ ಬರುವುದು, ಊರವರ ಕವಿತೆಗಳನ್ನೆಲ್ಲ ಅವಳೇ ಮುತ್ತು ಪೋಣಿಸಿದ ಹಾಗೆ ಬರೆದಿಟ್ಟಿದ್ದಾಳೆ. ಈ ಕಥೆಗೂ ಅವಳ ಕೈ ಬಿಟ್ಟರೆ ಬೇರೆ ಕೈ ಇಲ್ಲ. ಗಂಡ ಆಗಲೇ ಆಫೀಸಿನಲ್ಲಿ ಸೂಪರಿಂಟೆಂಡೆಂಟಿನಿಂದ ಕಾವಲುಗಾರನವರೆಗೆ ಎಲ್ಲರಿಗೂ ‘ನನ್ನ ಕಥೆ ಬರ್ತಿದೆ’ ಎಂದು ಸಾರಿಯಾಗಿದೆ.

ಬೈಂಡರ್: ಪಕ್ಕದ್ಮನೆ ಟೀಚರ್ ಹತ್ರ ಕೊಟ್ಟು ನೋಡಬಹುದಿತ್ತಲ್ಲ ಭಾವ.

ಗಂಡ: ಕೊಟ್ಟಿದ್ದೆ. ಕನ್ನಡಕ ಒರೆಸಿಕೊಂಡ್ರು, ಹಾಳೆ ತಿರುಗಿಸಿದ್ರು, ಮತ್ತೆ ತಿರುಗಿಸಿದ್ರು. ಕೊನೆಗೆ ‘ಚಿತ್ರ ಚೆನ್ನಾಗಿದೆ’ ಅಂದು ವಾಪಸ್ ಕೊಟ್ರು.

ಹೆಂಡತಿ: ಅದಕ್ಕೇ ಈಗ ನನ್ನ ಕಾಲಿಗೆ ಬಿದ್ದಿರೋದು.

ಗಂಡ: ಕಾಲಿಗೆ ಬಿದ್ದಿಲ್ಲ, ಕೈ ಕೇಳ್ತಿದ್ದೀನಿ. ಇವಳೇ, ನೀನು ಒಂದು ತಿಳ್ಕೋ. ಆ ಕಥೇಲಿರೋಳು ನೀನಲ್ಲ. ಅದು ಪಾತ್ರ.

ಹೆಂಡತಿ: ಹೌದಾ? ಆ ಪಾತ್ರಕ್ಕೆ ಮೊಣಕೈ ಮೇಲೆ ಸುಟ್ಟ ಕಲೆ ಇದೆ.

ಗಂಡ: ಅಡುಗೆ ಮಾಡೋರಿಗೆಲ್ಲ ಇರುತ್ತೆ.

ಹೆಂಡತಿ: ಔಷಧಿ ಅಂಗಡೀಲಿ ಕೆಲಸ ಮಾಡ್ತಾಳೆ.

ಗಂಡ: ಎಷ್ಟೋ ಜನ ಮಾಡ್ತಾರೆ.

ಹೆಂಡತಿ: ಕನ್ನಡಕ ತಲೆ ಮೇಲೆ ಇಟ್ಕೊಂಡು ಮನೆಯೆಲ್ಲ ಹುಡುಕ್ತಾಳೆ.

ಬೈಂಡರ್: ಅಕ್ಕ, ಅದು ನೀನೇ.

ಹೆಂಡತಿ: ಎರಡು ಕಾಲಿನ ಚಪ್ಪಲಿ ಎರಡು ಬಾಗಿಲಲ್ಲಿ ಬಿಡೋ ಗಂಡ ಬೇರೆ ಇದ್ದಾನೆ ಅವಳಿಗೆ. ಅಂಥವನು ಊರಿಗೆ ಒಬ್ಬನೇ ಇರೋದು.

ಗಂಡ: ಅನುಭವದಿಂದ ಸ್ವಲ್ಪ ತಗೊಂಡಿದ್ದೀನಪ್ಪ. ಎಲ್ಲ ಬರಹಗಾರರೂ ತಗೋತಾರೆ.

ಹೆಂಡತಿ: ತಗೊಳ್ಳಿ. ಬೇಡ ಅಂದೋರ್ಯಾರು? ಆದ್ರೆ ತಗೊಂಡ ಸಾಮಾನು ಮೊದಲನೇ ಸಾಲಲ್ಲೇ ಒಡೆದು ಹಾಕೋದಾ? ‘ನನ್ನ ಹೆಂಡತಿ ಆ ಬೆಳಿಗ್ಗೆ ಏಳಲಿಲ್ಲ. ಶಾಶ್ವತವಾಗಿ ಮಲಗಿದ್ದಳು.’ ಅಲ್ಲರೀ, ಒಂದು ಮಾತು ಆಡೋಕಾದ್ರೂ ಬಿಡಬಾರದಿತ್ತಾ ನನ್ನನ್ನ? ಒಂದು ಆಕಳಿಕೆ?

ಇಲ್ಲಿ ಹೆಂಡತಿಯ ಪರವಾಗಿ ಒಂದು ಮಾತು ಹೇಳಲೇಬೇಕು. ನಮ್ಮ ಕಥೆಗಾರರಿಗೆ ಹೆಂಡತಿಯ ಸಾವು ಸಭೆಗೆ ಸ್ವಾಗತ ಭಾಷಣ ಇದ್ದ ಹಾಗೆ. ಅದು ಮುಗಿಯದೆ ಮುಂದಿನದು ಶುರುವಾಗುವುದಿಲ್ಲ. ಬದುಕಿರುವಷ್ಟು ದಿನ ಆಕೆ ಅನ್ನದ ಜತೆ ಬೇಯುತ್ತಿರುತ್ತಾಳೆ, ಗಮನಿಸುವವರಿಲ್ಲ. ಸತ್ತ ಕೂಡಲೇ ಕಿಟಕಿಯಲ್ಲಿ, ಕನ್ನಡಿಯಲ್ಲಿ, ಖಾಲಿ ಕುರ್ಚಿಯಲ್ಲಿ ಎಲ್ಲೆಲ್ಲೂ ಕಾಣತೊಡಗುತ್ತಾಳೆ. ನೂರು ಕಥೆ ತೆಗೆದು ನೋಡಿ, ಸತ್ತ ಹೆಂಡತಿಯರ ಮೆರವಣಿಗೆಯೇ ಹೊರಡುತ್ತದೆ.

ಹೆಂಡತಿ: ಸರಿ, ನಾನು ಸತ್ತಿದ್ದು ಯಾವುದರಿಂದ?

ಗಂಡ: ಏನು ಯಾವುದರಿಂದ?

ಹೆಂಡತಿ: ಸಾವಿಗೆ ಕಾರಣ. ಡಾಕ್ಟರ್ ಚೀಟಿ ಎಲ್ಲಿ? ನಿಮ್ಮ ಕೌಂಟರಲ್ಲಿ ಕಾರಣ ಇಲ್ಲದೆ ಒಂದು ಸಾವನ್ನಾದ್ರೂ ಬರ್ಕೊಂಡಿದ್ದೀರಾ ಇದುವರೆಗೆ?

ಗಂಡ: ಅದು ಆಫೀಸು.

ಹೆಂಡತಿ: ಪೂರ್ತಿ ಹೆಸರೂ ಇಲ್ಲ ನನಗೆ. ಬರೀ ‘ನನ್ನ ಹೆಂಡತಿ.’ ಹೆಸರಿಲ್ಲದ ಅರ್ಜಿ ಬಂದ್ರೆ ಏನ್ಮಾಡ್ತೀರಿ?

ಗಂಡ: ವಾಪಸ್ ಕಳಿಸ್ತೀನಿ.

ಹೆಂಡತಿ: ನಾನೂ ವಾಪಸ್ ಕಳಿಸ್ತಿದ್ದೀನಿ. ತಗೊಳ್ಳಿ.

ಕಥೆಯ ಹಾಳೆಗಳು ಮೇಜಿನ ಈ ತುದಿಯಿಂದ ಆ ತುದಿಗೆ ಜಾರಿದವು. ಗಂಡ ಅವನ್ನು ಮತ್ತೆ ಮೆಲ್ಲಗೆ ಈಚೆ ತಳ್ಳಿದ.

ಹೆಂಡತಿ: ಗೊತ್ತಾ ನಿನಗೆ, ಒಂದ್ಸಲ ಬದುಕಿರೋನೊಬ್ಬ ಇವರ ಕೌಂಟರಿಗೆ ಬಂದಿದ್ದ. ಯಾರೋ ತಪ್ಪಿ ಅವನ ಹೆಸರು ಸತ್ತವರ ಪೈಕಿ ಸೇರಿಸಿಬಿಟ್ಟಿದ್ರು. ‘ಸ್ವಾಮಿ, ನಾನು ಸತ್ತಿಲ್ಲ’ ಅಂತ ಬೇಡ್ಕೊಂಡ್ರೆ ಇವರು ಏನಂದ್ರು ಕೇಳು.

ಗಂಡ: ನಿಯಮ ಹೇಳ್ದೆ. ತಿದ್ದುಪಡಿಗೆ ಅರ್ಜಿ ಕೊಡಿ, ಕಾರಣ ಬರೀರಿ, ನಾಳೆ ಬನ್ನಿ ಅಂದೆ.

ಬೈಂಡರ್: ಎದುರಿಗೇ ನಿಂತಿದ್ದನಲ್ಲ ಭಾವ.

ಗಂಡ: ಎದುರಿಗೆ ನಿಂತ ಮಾತ್ರಕ್ಕೆ ಬದುಕಿದ್ದಾನೆ ಅಂತ ಆಗಿಬಿಡುತ್ತಾ? ಬರಹದಲ್ಲಿ ಇರಬೇಕು.

ಹೆಂಡತಿ: ಅದನ್ನೇ ನಾನೂ ಹೇಳ್ತಿರೋದು. ನಾನು ನಿಮ್ಮೆದುರಿಗೇ ಇದ್ದೀನಿ. ಬರಹದಲ್ಲಿ ಸತ್ತಿದ್ದೀನಿ.

ಗಂಡ ಬೈಂಡರನ ಕಡೆ ನೋಡಿದ. ಬೈಂಡರ್ ದಾರದ ತುದಿ ಹುಡುಕುತ್ತಿದ್ದ. ಇಂಥ ಹೊತ್ತಿನಲ್ಲಿ ದಾರಕ್ಕೆ ತುದಿಯೇ ಇರುವುದಿಲ್ಲ.

ಗಂಡ: ಪೂರ್ತಿ ಓದಿದ್ರೆ ಹೀಗಂತಿರಲಿಲ್ಲ. ಮುಂದೆಲ್ಲ ನಿನ್ನ ಹೊಗಳಿಕೆಯೇ.

ಹೆಂಡತಿ: ಓದಿದ್ದೀನಿ, ಪೂರ್ತಿ. ಅವನಿಗೆ ಉಪ್ಪಿನ ಡಬ್ಬ ಸಿಗಲ್ಲ, ಒಂದು ಇಡೀ ಪುಟ ಹುಡುಕ್ತಾನೆ. ಆಮೇಲೆ ಮಾತ್ರೆ. ‘ನನ್ನ ಮಾತ್ರೆಯನ್ನು ಅವಳು ಎರಡು ಹೋಳು ಮಾಡಿ ಇಡುತ್ತಿದ್ದಳು. ಎಷ್ಟು ಸಮವಾಗಿ ಒಡೆಯುತ್ತಿತ್ತು ಅವಳ ಬೆರಳಿಗೆ. ನಾನು ಒಡೆದರೆ ಪುಡಿಯಾಗುತ್ತದೆ.’ ಅಲ್ಲಿ ನನಗೇ ಕಣ್ಣಲ್ಲಿ ನೀರು ಬಂತು.

ಗಂಡ: ನೋಡ್ದಾ?

ಹೆಂಡತಿ: ಆಮೇಲೆ ಸಿಟ್ಟು ಬಂತು. ಇದನ್ನ ಯಾವತ್ತಾದ್ರೂ ನನಗೆ ಹೇಳಿದ್ರಾ?

ಗಂಡ: ಹೇಳೋ ಸಂದರ್ಭ ಬರಲಿಲ್ಲ.

ಹೆಂಡತಿ: ದಿನಾ ನುಂಗ್ತೀರಲ್ಲ ಮಾತ್ರೆ.

ಗಂಡ: ಬಾಯಲ್ಲಿ ನೀರಿರುತ್ತೆ ಆಗ.

ಬೈಂಡರ್ ಕೆಮ್ಮಿದ. ಕೆಮ್ಮೋ ನಗುವೋ ಅಂತ ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಬೈಂಡರ್: ಭಾವ, ಒಂದು ದಾರಿ ಹೇಳ್ತೀನಿ. ಸಾಯೋದು ಬೇಡ. ಅಕ್ಕ ಕಥೇಲಿ ತವರಿಗೆ ಹೋಗಲಿ.

ಗಂಡ: ತವರಿಗೆ ಹೋದೋಳಿಗೆ ಯಾರೋ ಅಳ್ತಾರೆ?

ಹೆಂಡತಿ: ಕೇಳಿಸ್ಕೊಂಡ್ಯಾ? ಹೋದ ಸಲ ನಾನು ನಿಮ್ಮನೆಗೆ ಬಂದಾಗ ಇವರು ಅತ್ತಿಲ್ಲ ಅಂತ ನನಗೆ ಗೊತ್ತು. ಬಾಯಲ್ಲೇ ಒಪ್ಕೊಂಡ್ರು ಈಗ.

ಗಂಡ: ಕಾಯಿಲೆ ಬೀಳಿಸೋಣ. ಹಾಸಿಗೆ ಹಿಡೀಲಿ.

ಹೆಂಡತಿ: ಬೀಳಿಸಿ. ಆಮೇಲೆ ಗಂಜಿ ಮಾಡ್ಕೊಡೋರು ಯಾರು? ನಿಮ್ಮ ನಾಯಕನಿಗೆ ಉಪ್ಪೇ ಸಿಗಲ್ಲ. ಆ ಗಂಜಿ ಕುಡಿದು ಮತ್ತೆ ನಾನೇ ಸಾಯಬೇಕು.

ಬೈಂಡರ್: ನಾಯಕನೇ ಹೋದ್ರೆ ಹೇಗೆ ಭಾವ? ಪುಟವೂ ಉಳಿಯುತ್ತೆ. ಈ ಸಂಚಿಕೆಗೆ ಕಾಗದ ಬೇರೆ ಕಮ್ಮಿ ಇದೆ.

ಗಂಡ: ಕಥೆ ಹೇಳ್ತಿರೋನೇ ಅವನು ಕಣೋ. ‘ನಾನು’ ಅಂತ ಶುರುವಾಗಿದೆ. ಅವನು ಸತ್ರೆ ಹೇಳೋರ್ಯಾರು?

ಹೆಂಡತಿ: ನಾನು ಹೇಳ್ತೀನಿ.

ಗಂಡ: ನೀನು ಹೇಳಿದ್ರೆ ಅದು ಕಥೆ ಆಗಲ್ಲ, ದೂರು ಆಗುತ್ತೆ.

ಈ ಮಾತು ಬಾಯಿಂದ ಹೊರಟ ಮೇಲೆ ಗಂಡನಿಗೇ ಅದು ಹೊರಡಬಾರದಿತ್ತು ಅನ್ನಿಸಿತು. ಹೆಂಡತಿ ಮಸಿಬಾಟಲಿಯ ಮುಚ್ಚಳ ತಿರುಗಿಸುತ್ತಾ ಕೂತಳು.

ಗಂಡ: ಅಲ್ಲ, ನಾನು ಹೇಳಿದ್ದು ಏನಂದ್ರೆ...

ಬೈಂಡರ್: ನಾಳಿದ್ದು ಸಂಜೆ ಹೊಲಿಗೆ, ಭಾವ. ಕೈ ಸಿಗದಿದ್ರೆ ನಿಮ್ಮ ಜಾಗದಲ್ಲಿ ಆ ಫೋಟೋ ಸ್ಟುಡಿಯೋದವರ ಉದ್ದದ ಕವಿತೆ ಹಾಕ್ತೀನಿ. ನನಗೂ ಬೇಜಾರೇ. ಆ ಕವಿತೆ ನಾನು ಓದಿದ್ದೀನಿ.

ಗಂಡನ ಮುಖ ನೋಡುವ ಹಾಗಿರಲಿಲ್ಲ. ಬೇರೆಯವರ ಹುಟ್ಟು ಸಾವನ್ನೆಲ್ಲ ಬರೆದು ಬರೆದು ತನ್ನದೂ ಒಂದಿಷ್ಟು ಎಲ್ಲಾದರೂ ಉಳಿಯಲಿ ಎಂದು ಬಯಸಿದ್ದ. ಅದು ದೊಡ್ಡ ಆಸೆಯೇನಲ್ಲ. ಅದಕ್ಕೆ ಹೆಂಡತಿಯ ಹೆಣ ಬೇಕು ಅಂತ ಅವನಿಗೆ ಯಾರು ಕಲಿಸಿಕೊಟ್ಟರೋ.

ಹೆಂಡತಿ: ಆಯ್ತು. ಬರೀತೀನಿ.

ಗಂಡ: ಬರೀತೀಯಾ?

ಹೆಂಡತಿ: ಬರೀತೀನಿ.

ಗಂಡ: ಹದಿನಾರೂ?

ಹೆಂಡತಿ: ಹದಿನಾರೂ.

ಗಂಡ: ಸಾವು?

ಹೆಂಡತಿ: ಸಾವಿನ ಚಿಂತೆ ನನಗೆ ಬಿಡಿ. ನಿಮ್ಮದು ಮುಗೀತು. ಎರಡನೇ ನಿಯಮ ಏನು ಹೇಳೋ ನಿಮ್ಮ ಭಾವಂಗೆ.

ಬೈಂಡರ್: ಬರೆದವರು ಹಾಳೆ ಮುಟ್ಟೋ ಹಾಗಿಲ್ಲ.

ಹೆಂಡತಿ: ಇಣುಕಿ ನೋಡೋ ಹಾಗೂ ಇಲ್ಲ ಅಂತ ಸೇರಿಸು.

ಅವಳು ಅಂಗಡಿಗೆ ರಜೆ ಹಾಕಿ ಕೂತು ಬರೆದಳು. ಗಂಡ ಮನೆಯಲ್ಲಿ ತುದಿಗಾಲಲ್ಲಿ ಓಡಾಡಿದ. ಒಮ್ಮೆ ತಾನೇ ಟೀ ಮಾಡಿಕೊಡಲು ಹೋಗಿ, ಸಕ್ಕರೆ ಎಲ್ಲಿದೆ ಎಂದು ಕೇಳಿ, ಅವಳ ನೋಟ ನೋಡಿ, ಸಕ್ಕರೆ ಇಲ್ಲದ ಟೀಯನ್ನೇ ತಂದಿಟ್ಟ. ಒಳಗಿಂದ ಆಗಾಗ ನಗು ಕೇಳಿಸುತ್ತಿತ್ತು. ತನ್ನ ಕಥೆಯಲ್ಲಿ ನಗುವಂಥದ್ದು ಏನಿದೆ ಎಂದು ಅವನಿಗೆ ಅರ್ಥವಾಗಲಿಲ್ಲ. ದುಃಖ ಹೆಚ್ಚಾದಾಗ ಕೆಲವರು ನಗುತ್ತಾರೆ ಎಂದು ಸಮಾಧಾನ ಮಾಡಿಕೊಂಡ.

ಸಂಚಿಕೆ ಹೊಲಿದಾಯಿತು, ಹಂಚಿದ್ದಾಯಿತು. ಮುಂದಿನ ವಾರ ಬೈಂಡರನ ಅಂಗಡಿಯಲ್ಲಿ, ಅಂಟಿನ ವಾಸನೆಯ ನಡುವೆ ಅಕ್ಕ ತಮ್ಮ ಕೂತು ಹಾಳೆ ಮಡಚುತ್ತಿರುವಾಗ ಗಂಡ ನುಗ್ಗಿಬಂದ. ಕಾಲಲ್ಲಿ ಒಂದೇ ಚಪ್ಪಲಿ ಇತ್ತು.

ಗಂಡ: ಏನು ಬರೆದಿದ್ದೀಯೇ ನೀನು?

ಹೆಂಡತಿ: ನಿಮ್ಮ ಕಥೆ.

ಗಂಡ: ನಮ್ಮ ಸೂಪರಿಂಟೆಂಡೆಂಟ್ ಎಲ್ಲರೆದುರಿಗೆ ಹೊಟ್ಟೆ ಹಿಡ್ಕೊಂಡು ನಗ್ತಿದ್ದಾರೆ. ಹೆಂಡತಿ ಸತ್ತ ಕಥೆಗೆ ನಗ್ತಾರಲ್ಲ ಇವರು ಅಂತ ನನಗೆ ಮೈ ಉರೀತು. ತೋರಿಸಿ ಅಂತ ಅವರ ಪ್ರತಿ ಇಸ್ಕೊಂಡು ನೋಡಿದ್ರೆ, ‘ನನ್ನ ಹೆಂಡತಿ ಆ ಬೆಳಿಗ್ಗೆ ಏಳಲಿಲ್ಲ. ಅವಳಿಗೆ ರಜೆ ಇತ್ತು.’

ಬೈಂಡರ್: ಚೆನ್ನಾಗಿದೆ ಭಾವ.

ಗಂಡ: ಏನು ಚೆನ್ನಾಗಿದೆ? ನಾಯಕ ಪುಟಗಟ್ಟಲೆ ಉಪ್ಪು ಹುಡುಕ್ತಾ ಗೋಳಾಡ್ತಾನೆ, ಅವಳು ಒಳಗೆ ಗೊರಕೆ ಹೊಡೀತಿದ್ದಾಳೆ.

ಹೆಂಡತಿ: ನೀವು ಬರೆದ ಗೋಳಾಟ ಒಂದಕ್ಷರ ಬಿಟ್ಟಿಲ್ಲ ನಾನು. ಅವರ ಪ್ರತೀಲಿ ಮೊದಲನೇ ಸಾಲು ಮಾತ್ರ ಮುಟ್ಟಿದ್ದು. ಒಂದೇ ಒಂದು ಸಾಲು. ಕಣ್ಣು ಮುಚ್ಚಿ ತೆಗೆಯೋದ್ರೊಳಗೆ ಮುಗಿದುಹೋಯ್ತು.

ಗಂಡ: ಸರಿ, ಒಂದು ಪ್ರತೀಲಿ ಹಟ ತೀರಿಸ್ಕೊಂಡಿದ್ದಾಳೆ ಅಂದ್ಕೊಂಡೆ. ಹೊರಗೆ ಬಂದ್ರೆ ಪೋಸ್ಟಿನ ಮೇಡಂ. ‘ನಿಮ್ಮ ಮನೆಯವರು ಗೆಳತಿಯರ ಜತೆ ಸಮುದ್ರ ನೋಡೋಕೆ ಹೋಗಿದ್ದು ಬಹಳ ಹಿಡಿಸ್ತು, ನನ್ನ ಮನೆಯವರಿಗೂ ಓದಿಸಿದೆ’ ಅಂತಾರೆ. ಯಾವ ಸಮುದ್ರ? ನನ್ನ ಕಥೇಲಿ ಒಂದು ಬಕೆಟ್ ನೀರೂ ಇಲ್ಲ.

ಹೆಂಡತಿ: ಅದು ನಾಲ್ಕನೇ ಪ್ರತಿ. ಆ ಪುಟ ಬರೆಯೋವಾಗ ಸೆಖೆ ಇತ್ತು.

ಗಂಡ: ಸ್ಟುಡಿಯೋದವನು, ‘ಬಾಗಿಲ ಹಿಂದೆ ನಿಂತು ಗಂಡನ ಹುಡುಕಾಟ ನೋಡ್ತಾಳಲ್ಲ, ಫೋಟೋ ತೆಗೆದ ಹಾಗಿದೆ’ ಅಂದ. ಪಕ್ಕದ್ಮನೆ ಟೀಚರ್ ನನ್ನ ಕೈ ಹಿಡ್ಕೊಂಡು ಕಣ್ಣೀರು ಹಾಕಿದ್ರು. ನೀವು ಇಷ್ಟು ಬೇಗ ಹೋಗಬಾರದಿತ್ತು ಅಂದ್ರು. ಯಾರು, ನಾನಾ? ನಾನು ಸತ್ತಿದ್ದೀನಂತೆ. ಸತ್ತು ದೆವ್ವ ಆಗಿ ಅಡುಗೆಮನೆಗೆ ಬರ್ತೀನಂತೆ. ಆಗಲೂ ಉಪ್ಪು ಸಿಗಲ್ವಂತೆ.

ಹೆಂಡತಿ: ಅದು ಹನ್ನೊಂದನೇದು. ಕೈ ನೋಯ್ತಿತ್ತು. ‘ದೂರು ಆಗುತ್ತೆ’ ಅಂದ ಮಾತು ನೆನಪಿಗೆ ಬಂತು.

ಗಂಡ: ಏನೋ ಸಂಪಾದಕ, ಇದಕ್ಕೆ ನಿನ್ನ ನಿಯಮ ಏನೂ ಇಲ್ವಾ? ನಕಲು ಮಾಡೋರು ಇದ್ದದ್ದನ್ನ ಇದ್ದ ಹಾಗೆ ಬರೀಬೇಕು ಅಂತ?

ಬೈಂಡರ್: ಇಲ್ಲ ಭಾವ. ಕಾಸು ಸಿಗದ ಕೆಲಸಕ್ಕೆ ಒಬ್ಬರು ಹೆಚ್ಚುವರಿ ಬೇರೆ ಬರೀತಾರೆ ಅಂತ ಯಾರು ಅಂದ್ಕೊಂಡಿದ್ರು? ಇನ್ನೊಂದು ಕೇಳಿ. ಪ್ರತಿ ಸಲ ಮೂರು ನಾಲ್ಕು ಪ್ರತಿ ಇದೇ ಬೆಂಚಿನ ಮೇಲೆ ಯಾರೂ ಮುಟ್ಟದೆ ಉಳೀತಿದ್ವು. ಈ ಸಲ ಜನ ಒಬ್ಬರ ಮನೆಗೆ ಒಬ್ಬರು ಹೋಗಿ ಅದಲುಬದಲು ಮಾಡ್ಕೊಂಡು ಓದ್ತಿದ್ದಾರೆ. ಬೆಳಿಗ್ಗೆ ಇಬ್ಬರು ನನ್ನ ಅಂಗಡಿ ಮುಂದೆ ಜಗಳ ಆಡಿದ್ರು. ಒಬ್ಬ ಅವಳು ಮಲಗಿದ್ದಾಳೆ ಅಂತಾನೆ, ಇನ್ನೊಬ್ಬ ಅವಳು ಕೆಲಸ ಬಿಟ್ಟು ಹೋಟೆಲ್ ಹಾಕಿದ್ದಾಳೆ ಅಂತಾನೆ.

ಗಂಡ: ಹೋಟೆಲ್ ಬೇರೆ ಇದೆಯಾ?

ಹೆಂಡತಿ: ಚೆನ್ನಾಗಿ ನಡೀತಿದೆ.

ಬೈಂಡರ್: ಅಲ್ಲ ಭಾವ, ಇಷ್ಟೆಲ್ಲ ಜನ ಹೊಗಳಿದ್ರಲ್ಲ, ನೀವು ಏನಂದ್ರಿ? ಇದು ನಾನು ಬರೆದದ್ದಲ್ಲ ಅಂದ್ರಾ?

ಗಂಡ ಬೆಂಚಿನ ಮೇಲೆ ಕೂತ. ಚಪ್ಪಲಿಯಿಲ್ಲದ ಕಾಲನ್ನು ಇನ್ನೊಂದು ಕಾಲಿನ ಹಿಂದೆ ಅಡಗಿಸಿದ.

ಗಂಡ: ಸೂಪರಿಂಟೆಂಡೆಂಟಿಗೆ ‘ಅನುಭವದಿಂದ ಬಂದದ್ದು ಸಾರ್’ ಅಂದೆ. ಅವರು ಬೆನ್ನು ತಟ್ಟಿದ್ರು. ಆಮೇಲೆ ಹೇಗೆ ಅಲ್ಲ ಅನ್ನೋದು?

ಹೆಂಡತಿ: ಸಮುದ್ರಕ್ಕೆ?

ಗಂಡ: ಸಮುದ್ರ ನನ್ನ ಹಳೇ ಕನಸು ಅಂದೆ.

ಅಕ್ಕ ತಮ್ಮ ಇಬ್ಬರೂ ಹಾಳೆಗಳ ಹಿಂದೆ ಮುಖ ಮರೆಮಾಡಿಕೊಂಡರು. ಗಂಡ ತಾನೂ ಒಂದು ಕ್ಷಣ ನಕ್ಕು, ನಕ್ಕದ್ದು ನೆನಪಾಗಿ ಸಿಟ್ಟು ತಂದುಕೊಂಡ.

ಗಂಡ: ಅಂದ್ರೆ ನಾನು ಬರೆದ ಕಥೆ ಎಲ್ಲೂ ಇಲ್ಲ. ಟೀ ಲೋಟದ ಕೆಳಗೆ ಬಿದ್ದಿದ್ದ ಪದ್ಯವೇ ವಾಸಿ. ಅದಾದ್ರೂ ನನ್ನದಾಗಿತ್ತು.

ಹೆಂಡತಿ: ಇದೆ. ಒಂದು ಪ್ರತೀಲಿ ಇದೆ. ನೀವು ಬರೆದದ್ದು ಬರೆದ ಹಾಗೆ.

ಗಂಡ: ಯಾರ ಹತ್ರ?

ಹೆಂಡತಿ: ನಿಮ್ಮ ಚೀಲದಲ್ಲಿದೆ. ಲೇಖಕರ ಪ್ರತಿ.

ಆ ಪ್ರತಿಯನ್ನು ಅವನು ತೆರೆದೇ ಇರಲಿಲ್ಲ. ಎಲ್ಲರಿಗೂ ರಟ್ಟು ತೋರಿಸಿ, ಕಾಗದದಲ್ಲಿ ಸುತ್ತಿ, ಒಳಗಿಟ್ಟಿದ್ದ. ತನ್ನ ಕಥೆಯಲ್ಲಿ ಏನಿದೆ ಎಂದು ಲೇಖಕನಿಗೆ ಗೊತ್ತಿರುತ್ತದಲ್ಲ. ಈಗ ತೆಗೆದು, ಪುಟ ಹುಡುಕಿ, ಮೊದಲನೇ ಸಾಲಿಗೆ ಬೆರಳಿಟ್ಟ.

‘ನನ್ನ ಹೆಂಡತಿ ಆ ಬೆಳಿಗ್ಗೆ ಏಳಲಿಲ್ಲ. ಶಾಶ್ವತವಾಗಿ ಮಲಗಿದ್ದಳು.’

ತನ್ನ ಅಕ್ಷರದಲ್ಲಿ ಬರೆದಾಗ ಅದು ಕಥೆಯಾಗಿತ್ತು. ಇದು ಅವಳ ಅಕ್ಷರ. ಮಾತ್ರೆಯ ಪೊಟ್ಟಣದ ಮೇಲೆ ‘ಬೆಳಿಗ್ಗೆ’, ‘ರಾತ್ರಿ’ ಎಂದು ಬರೆದಿಡುವ ಅಕ್ಷರ. ಬಾಗಿಲಿಗೆ ‘ಬೀಗ ಹಾಕಿ’ ಎಂದು ಅಂಟಿಸುವ ಅಕ್ಷರ. ಬಾಲ ಸ್ವಲ್ಪ ಎಡಕ್ಕೆ ಎಳೆದ ಅದೇ ‘ಳು’. ಆ ಕೈಯೇ ತನ್ನ ಸಾವನ್ನು ಒತ್ತಕ್ಷರ ತಪ್ಪದೆ, ದುಂಡಗೆ ಬರೆದಿತ್ತು.

ಗಂಡ ಮುಂದಿನ ಸಾಲಿಗೆ ಹೋಗಲಿಲ್ಲ. ಪುಸ್ತಕ ಮುಚ್ಚಿದ. ತೆಗೆದ. ಮತ್ತೆ ಮುಚ್ಚಿದ.

ಬೈಂಡರ್: ಹೊಲಿಗೆ ಸರಿ ಇದೆ ಅಲ್ವಾ ಭಾವ?

ಗಂಡ: ಒಂದು ಪೆನ್ನು ಕೊಡೋ.

ಹೆಂಡತಿ: ಯಾಕೆ?

ಗಂಡ: ಈ ಸಾಲು ಹೊಡೆದು ಹಾಕ್ತೀನಿ.

ಹೆಂಡತಿ: ಬರೆದವರು ಹಾಳೆ ಮುಟ್ಟೋ ಹಾಗಿಲ್ಲ. ಎರಡನೇ ನಿಯಮ.

ಗಂಡ: ಹಾಗಾದ್ರೆ ನೀನೇ ತಿದ್ದು. ಇಲ್ಲಿ ಕೂತಿದ್ದೀಯಲ್ಲ, ಎದುರಿಗೇ ಇದ್ದೀಯಲ್ಲ.

ಹೆಂಡತಿ: ಎದುರಿಗೆ ಇದ್ದ ಮಾತ್ರಕ್ಕೆ ಬದುಕಿದ್ದೀನಿ ಅಂತ ಆಗಿಬಿಡುತ್ತಾ? ಬರಹದಲ್ಲಿ ಇರಬೇಕು. ತಿದ್ದುಪಡಿಗೆ ಅರ್ಜಿ ಕೊಡಿ, ಕಾರಣ ಬರೀರಿ, ನಾಳೆ ಬನ್ನಿ.

ಗಂಡ: ತಮಾಷೆ ಸಾಕು ಕಣೇ.

ಹೆಂಡತಿ: ಕೌಂಟರಲ್ಲಿ ಯಾರೂ ತಮಾಷೆ ಮಾಡಲ್ಲ.

ಅವಳು ನಿಜವಾಗಿಯೂ ಮೇಜಿನ ಮೇಲಿದ್ದ ಮಸಿಬಾಟಲಿಯ ಮುಚ್ಚಳ ಹಾಕಿ, ಕೈ ಕಟ್ಟಿ ಕೂತಳು. ಗಂಡ ಅತ್ತ ಇತ್ತ ನೋಡಿದ. ರಟ್ಟಿನಿಂದ ಕತ್ತರಿಸಿ ಉಳಿದ ಒಂದು ಚೂರು ಎಳೆದುಕೊಂಡ. ಬೈಂಡರನ ಕಿವಿಯ ಹಿಂದಿದ್ದ ಪೆನ್ಸಿಲ್ ಕಿತ್ತುಕೊಂಡ. ಗಂಡ ಅಷ್ಟು ಹೊತ್ತು ತೆಗೆದುಕೊಂಡು ಎರಡು ಸಾಲು ಬರೆದದ್ದನ್ನು ಆಫೀಸಿನಲ್ಲಿ ಯಾರೂ ನೋಡಿರಲಿಕ್ಕಿಲ್ಲ. ಬರೆದು, ರಟ್ಟಿನ ಚೂರನ್ನು ಎರಡೂ ಕೈಯಲ್ಲಿ ಮುಂದಕ್ಕೆ ಚಾಚಿದ. ಕೌಂಟರಿನ ಆಚೆ ಕಡೆ ಜನ ಹೀಗೇ ಚಾಚುತ್ತಾರೆ.

ಬೈಂಡರ್ ನಡುವೆ ಕತ್ತು ತೂರಿಸಿ ನೋಡಿದ. ಜಿರಳೆ ಮಸಿಯಲ್ಲಿ ಬಿದ್ದು ಎದ್ದು ಓಡಿದ ಹಾಗಿತ್ತು.

ಬೈಂಡರ್: ಏನಕ್ಕ ಅದು? ನನಗೆ ಒಂದಕ್ಷರ ಹತ್ತಲ್ಲ.

ಹೆಂಡತಿ ತಲೆಯ ಮೇಲಿದ್ದ ಕನ್ನಡಕವನ್ನು ಮೇಜಿನ ಮೇಲೆಲ್ಲ ತಡಕಿದಳು. ಗಂಡ ಎದ್ದು ಅದನ್ನು ಅವಳ ಮೂಗಿನ ಮೇಲೆ ಇಳಿಸಿಕೊಟ್ಟ.

ಹೆಂಡತಿ: ‘ಮೇಲ್ಕಂಡ ವ್ಯಕ್ತಿಯು ಜೀವಂತವಾಗಿರುವ ವಿಷಯ ಅರ್ಜಿದಾರನ ಗಮನಕ್ಕೆ ಈಗ ಬಂದಿರುತ್ತದೆ.’

ಬೈಂಡರ್: ಈಗ ಬಂತಾ ಭಾವ? ಆಮೇಲೆ? ಎರಡನೇ ಸಾಲು?

ಎರಡನೇ ಸಾಲನ್ನು ಅವಳು ಮನಸ್ಸಿನಲ್ಲೇ ಓದಿಕೊಂಡಳು. ಮತ್ತೊಮ್ಮೆ ಓದಿದಳು. ಗಂಡ ಗೋಡೆಯ ಮೇಲಿನ ಅಂಟಿನ ಡಬ್ಬಗಳನ್ನು ಎಣಿಸುವವನ ಹಾಗೆ ನಿಂತಿದ್ದ, ಕಿವಿ ಕೆಂಪಾಗಿತ್ತು. ಅವಳು ಮಸಿಬಾಟಲಿಯ ಮುಚ್ಚಳ ತಿರುಗಿಸಿ ತೆಗೆದಳು, ಲೇಖಕರ ಪ್ರತಿಯನ್ನು ಹತ್ತಿರ ಎಳೆದುಕೊಂಡಳು.

ಬೈಂಡರ್: ಅಕ್ಕ, ಎರಡನೇ ಸಾಲಲ್ಲಿ ಏನಿದೆ ಹೇಳೇ.

ಹೆಂಡತಿ: ಅದಾ? ಔಷಧಿ ಕಣೋ. ದಿನಕ್ಕೆ ಮೂರು ಹೊತ್ತು, ಊಟ ಆದ ಮೇಲೆ.